ಮೊದಲ 200 ಕಿ.ಮೀ. ಬಿಆರ್‌ಎಂಗೆ ತಯಾರಾಗುವುದು ಹೇಗೆ? ಹತ್ತು ವಾರಗಳ ಸಮಗ್ರ ಮಾರ್ಗದರ್ಶಿ

ಬಿಆರ್‌ಎಂ ಅಂದರೆ ಗೊತ್ತು ಮಾಡಿದ ಸಮಯದೊಳಗೆ ಸೈಕಲ್‌ನಲ್ಲಿ ಮುಗಿಸಬೇಕಾದ ಉದ್ದದ ಸವಾರಿ. 200 ಕಿ.ಮೀ. ಬಿಆರ್‌ಎಂಗೆ ಹೋಗಿ ಅರ್ಧಕ್ಕೇ ಬಿಟ್ಟು ಬಂದವರನ್ನು ಕೇಳಿ ನೋಡಿ. ಕಾಲಲ್ಲಿ ಶಕ್ತಿ ಇರಲಿಲ್ಲ ಅನ್ನುವವರು ಕಡಿಮೆ. ಪಂಕ್ಚರ್ ಹಾಕುವುದರಲ್ಲಿ ಒಂದು ಗಂಟೆ ಹೋಯಿತು, ಮಧ್ಯಾಹ್ನ ಹೊಟ್ಟೆ ಕೆಟ್ಟಿತು, ಸೀಟಿನ ಮೇಲೆ ಕೂರಲು ಆಗಲಿಲ್ಲ, ಕಂಟ್ರೋಲ್ (ದಾರಿಯಲ್ಲಿನ ತಪಾಸಣೆ ಜಾಗ) ಮುಚ್ಚಿದ ಹತ್ತು ನಿಮಿಷಕ್ಕೆ ತಲುಪಿದೆ. ಇವೇ ಮಾತುಗಳು ಮತ್ತೆ ಮತ್ತೆ ಕೇಳುತ್ತವೆ.

ಇದರಲ್ಲಿ ಬಹುಪಾಲು ಮನೆಯಲ್ಲೇ ಸರಿ ಮಾಡಿಕೊಳ್ಳುವ ವಿಷಯ. ಆದರೆ ಜನ ಕ್ರಮ ತಪ್ಪುತ್ತಾರೆ. ಮೊದಲು ದೂರ ದೂರ ತುಳಿಯುತ್ತಾರೆ, ಮಂಡಿ ನೋವು ಬಂದ ಮೇಲೆ ಸೀಟಿನ ಎತ್ತರ ನೋಡುತ್ತಾರೆ. ಹಿಂದಿನ ದಿನ ಲೈಟು ಕೊಳ್ಳುತ್ತಾರೆ. ಹಾಗಾಗಿ ಕೆಳಗಿನ ಹಂತಗಳನ್ನು ದಯವಿಟ್ಟು ಇದೇ ಕ್ರಮದಲ್ಲಿ ಮಾಡಿ. ಒಂದೇ ಸಲಕ್ಕೆ 30 ಕಿ.ಮೀ. ಆರಾಮಾಗಿ ತುಳಿಯಬಲ್ಲವರಿಗೆ ಹತ್ತು ವಾರ ಸಾಕು. ಇನ್ನೂ ಅಷ್ಟು ಅಭ್ಯಾಸ ಇಲ್ಲದಿದ್ದರೆ ಅದಕ್ಕೆ ಮೊದಲು ಒಂದೂವರೆ ತಿಂಗಳು ಇಟ್ಟುಕೊಳ್ಳಿ. ಬಿಪಿ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವವರು ಮೊದಲು ಡಾಕ್ಟರ ಹತ್ತಿರ ಮಾತಾಡಿ ಬನ್ನಿ.

ಉದಾಹರಣೆಗಳನ್ನು ಬೆಂಗಳೂರಿನ ಸುತ್ತಮುತ್ತಲಿಂದ ಕೊಟ್ಟಿದ್ದೇನೆ. ಬೇರೆ ಊರಿನವರು ನಿಮ್ಮ ದಾರಿಗೆ ಹೊಂದಿಸಿಕೊಳ್ಳಿ.

ಹಂತ 1: ಮೊದಲು ಗಡಿಯಾರದ ಲೆಕ್ಕ

ಬಿಆರ್‌ಎಂ ರೇಸ್ ಅಲ್ಲ. ಮೊದಲು ಬಂದವರಿಗೆ ಬಹುಮಾನ ಇಲ್ಲ. ಫ್ರಾನ್ಸಿನ ಆಡಾಕ್ಸ್ ಕ್ಲಬ್ ಪ್ಯಾರಿಸಿಯನ್‌ನ ನಿಯಮದಂತೆ ನಡೆಯುತ್ತದೆ, ನಮ್ಮ ದೇಶದಲ್ಲಿ ಆಡಾಕ್ಸ್ ಇಂಡಿಯಾದ ಕೆಳಗೆ ಆಯಾ ಊರಿನ ಕ್ಲಬ್‌ಗಳು ನಡೆಸುತ್ತವೆ. 200 ಕಿ.ಮೀ.ಗೆ ಸಿಗುವ ಸಮಯ ಹದಿಮೂರೂವರೆ ಗಂಟೆ. ಊಟ, ಟೀ, ಪಂಕ್ಚರ್, ಸಿಗ್ನಲ್, ರೈಲ್ವೆ ಗೇಟು ಎಲ್ಲವೂ ಇದರೊಳಗೇ ಬರಬೇಕು.

ಒಂದು ಸಣ್ಣ ಲೆಕ್ಕ ಮಾಡೋಣ. ಸೈಕಲ್ ಉರುಳುತ್ತಿರುವಾಗ ನಿಮ್ಮ ಸರಾಸರಿ ವೇಗ ಗಂಟೆಗೆ 20 ಕಿ.ಮೀ. ಇದ್ದರೆ ತುಳಿಯಲು 10 ಗಂಟೆ ಬೇಕು, ನಿಲ್ಲಲು ಮೂರೂವರೆ ಗಂಟೆ ಉಳಿಯುತ್ತದೆ. 18 ಕಿ.ಮೀ. ಇದ್ದರೆ ಉಳಿಯುವುದು ಸುಮಾರು 2 ಗಂಟೆ 20 ನಿಮಿಷ. 16 ಇದ್ದರೆ ಒಂದೇ ಗಂಟೆ. ನಿಮ್ಮ ವೇಗ 18 ಅಂದುಕೊಳ್ಳಿ. ನಾಲ್ಕು ಕಡೆ ಸುಮ್ನೆ ಅರ್ಧರ್ಧ ಗಂಟೆ ಕೂತರೆ ಕೈಯಲ್ಲಿ ಉಳಿಯುವುದು ಇಪ್ಪತ್ತೇ ನಿಮಿಷ. ಒಂದು ಪಂಕ್ಚರ್ ಆದರೆ ಅದೂ ಮುಗಿಯಿತು.

ದಾರಿಯಲ್ಲಿ ಕಂಟ್ರೋಲ್‌ಗಳು ಇರುತ್ತವೆ. ಪ್ರತಿಯೊಂದಕ್ಕೂ ತೆರೆಯುವ, ಮುಚ್ಚುವ ಹೊತ್ತು ಇದೆ. ಮುಚ್ಚುವ ಹೊತ್ತು ಸಾಮಾನ್ಯವಾಗಿ ಗಂಟೆಗೆ 15 ಕಿ.ಮೀ. ಲೆಕ್ಕದಲ್ಲಿ ಬರುತ್ತದೆ. ಬೆಳಿಗ್ಗೆ 6ಕ್ಕೆ ಹೊರಟರೆ 100 ಕಿ.ಮೀ. ಕಂಟ್ರೋಲ್ 12.40ಕ್ಕೆ ಮುಚ್ಚುತ್ತದೆ, 150ರದ್ದು ಸಂಜೆ 4ಕ್ಕೆ, ಕೊನೆಯದು 7.30ಕ್ಕೆ. ದಾರಿ 203 ಕಿ.ಮೀ. ಬಂದರೂ ಸಮಯ ಅಷ್ಟೇ. ಈ ಹೊತ್ತುಗಳನ್ನು ಒಂದು ಚೀಟಿಯಲ್ಲಿ ಬರೆದು ಹ್ಯಾಂಡಲ್‌ಗೆ ಅಂಟಿಸಿಕೊಳ್ಳಿ. ಫೋನ್ ಸತ್ತರೂ ಚೀಟಿ ಇರುತ್ತದೆ.

ಉಳಿದ ನಿಯಮಗಳಲ್ಲಿ ಜನ ಎಡವುವುದು ಒಂದರಲ್ಲಿ. ಗೆಳೆಯರ ಕಾರು ಹಿಂದೆ ಬರುವಂತಿಲ್ಲ. ಹೊರಗಿನ ಸಹಾಯ ಕಂಟ್ರೋಲ್‌ನಲ್ಲಿ ಮಾತ್ರ. ದಾರಿಯ ಅಂಗಡಿಯಲ್ಲಿ ನೀವೇ ಕೊಂಡು ತಿನ್ನಬಹುದು, ಜೊತೆಗೆ ತುಳಿಯುವವರು ಒಬ್ಬರಿಗೊಬ್ಬರು ನೆರವಾಗಬಹುದು. ಹೆಲ್ಮೆಟ್, ಹೊಳೆಯುವ ಜಾಕೆಟ್, ಮುಂದಿನ ಹಿಂದಿನ ಲೈಟು ಇಲ್ಲದೆ ಬಂದರೆ ಹೊರಡಲು ಬಿಡುವುದಿಲ್ಲ. ಜಾಕೆಟ್ ಹಗಲಲ್ಲೂ ಮೈಮೇಲೆ ಇರಬೇಕು.

ಹಂತ 2: ಸೈಕಲ್ ನಿಮ್ಮ ಮೈಗೆ ಹೊಂದಬೇಕು (ವಾರ 1)

ದುಬಾರಿ ರೋಡ್ ಬೈಕ್ (ತೆಳು ಟೈರಿನ ವೇಗದ ಸೈಕಲ್) ಬೇಕೇ ಬೇಕು ಅಂತಿಲ್ಲ. ಹೈಬ್ರಿಡ್ ಸೈಕಲ್‌ನಲ್ಲಿ 200 ಮುಗಿಸುವವರು ಬೇಕಾದಷ್ಟು ಜನ ಇದ್ದಾರೆ. ದಪ್ಪ ಮುಳ್ಳು ಟೈರಿನ ಎಂಟಿಬಿ (ಗುಡ್ಡಗಾಡಿನ ಸೈಕಲ್) ಇದ್ದರೆ ಟೈರು ಮಾತ್ರ ನುಣುಪಾದದ್ದಕ್ಕೆ ಬದಲಾಯಿಸಿ. ಅಷ್ಟು ಖರ್ಚಿಗೆ ಇದಕ್ಕಿಂತ ಜಾಸ್ತಿ ಅನುಕೂಲ ಕೊಡುವುದು ಬೇರೊಂದಿಲ್ಲ. ರೋಡ್ ಬೈಕ್‌ನವರು ಫ್ರೇಮ್‌ನಲ್ಲಿ ಜಾಗ ಇದ್ದರೆ 28ರಿಂದ 32 ಮಿ.ಮೀ. ಟೈರ್ ಹಾಕಿ. ನಮ್ಮ ರಸ್ತೆಗೆ 23 ತೀರ ತೆಳು.

ಸೀಟಿನ ಎತ್ತರ ನೋಡುವ ಸುಲಭ ವಿಧಾನ ಇದು. ಗೋಡೆಗೆ ಒರಗಿ ಸೈಕಲ್ ಮೇಲೆ ಕೂರಿ. ಪೆಡಲ್ ಪೂರ್ತಿ ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಡಿ. ಕಾಲು ನೇರವಾಗಬೇಕು, ಸೊಂಟ ವಾಲಬಾರದು. ಆಮೇಲೆ ಪಾದದ ಮುಂಭಾಗ ಪೆಡಲ್ ಮೇಲಿಟ್ಟರೆ ಮಂಡಿ ಸ್ವಲ್ಪ ಮಡಿಚಿರುತ್ತದೆ. ಅದೇ ಸರಿಯಾದ ಎತ್ತರಕ್ಕೆ ಹತ್ತಿರ.

ಮುಂದೆ ಮೈ ತಾನೇ ಹೇಳುತ್ತದೆ. ಮಂಡಿಯ ಮುಂಭಾಗ ನೋವು ಬಂದರೆ ಸಾಮಾನ್ಯವಾಗಿ ಸೀಟು ತಗ್ಗಿದೆ. ಮಂಡಿಯ ಹಿಂಭಾಗ ನೋವು ಬಂದರೆ ಎತ್ತರ ಜಾಸ್ತಿ. ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿದರೆ ಅಂಗೈ ಮೇಲೆ ಭಾರ ಹೆಚ್ಚಾಗಿ ಬೀಳುತ್ತಿದೆ. ಹ್ಯಾಂಡಲ್ ಎತ್ತರಿಸಿ, ಗ್ಲೌಸ್ ಹಾಕಿ, ಕೈ ಇಡುವ ಜಾಗ ಆಗಾಗ ಬದಲಿಸಿ. ಒಂದು ಸಲಕ್ಕೆ ನಾಲ್ಕೈದು ಮಿ.ಮೀ.ಗಿಂತ ಜಾಸ್ತಿ ಬದಲಾಯಿಸಬೇಡಿ. ಒಂದೇ ದಿನ ಎರಡು ಕಡೆ ತಿರುಗಿಸಿದರೆ ಯಾವುದರಿಂದ ಸರಿಯಾಯಿತು ಅಂತ ಗೊತ್ತಾಗುವುದಿಲ್ಲ.

ಪ್ಯಾಡ್ ಇರುವ ಚಡ್ಡಿ ಕೊಳ್ಳಿ. ಅದರ ಒಳಗೆ ಬೇರೆ ಒಳಉಡುಪು ಹಾಕಬಾರದು. ಹೊಸಬರಿಗೆ ತೊಡೆ ಸಂದಿಯಲ್ಲಿ ಗಾಯ ಆಗುವುದು ಬಹುಪಾಲು ಒಳಉಡುಪಿನ ಹೊಲಿಗೆಯಿಂದಲೇ. ಸೀಟು ತುಂಬ ಮೆತ್ತಗಿದ್ದರೆ ಒಳ್ಳೆಯದು ಅಂದುಕೊಂಡು ಜೆಲ್ ಕವರ್ ಹಾಕುವವರಿದ್ದಾರೆ. ಮೊದಲ ಒಂದು ಗಂಟೆ ಹಾಯಾಗಿರುತ್ತದೆ, ಆಮೇಲೆ ಅದೇ ಉಜ್ಜಲು ಶುರುವಾಗುತ್ತದೆ.

ಹಂತ 3: ಪಂಕ್ಚರ್ ಕೈಯಾರೆ ಕಲಿಯಿರಿ (ವಾರ 2)

ಇದನ್ನು ವಿಡಿಯೊ ನೋಡಿ ಬಿಟ್ಟರೆ ಪ್ರಯೋಜನ ಇಲ್ಲ. ಮನೆಯಲ್ಲಿ ಕೂತು ಹಿಂದಿನ ಚಕ್ರವನ್ನೇ ಬಿಚ್ಚಿ. ಗೇರು, ಚೈನು ಇರುವುದು ಅಲ್ಲೇ, ಕಷ್ಟವೂ ಅಲ್ಲೇ. ಟ್ಯೂಬ್ ಬದಲಿಸಿ, ಗಾಳಿ ಹೊಡೆದು, ಚಕ್ರ ಕೂರಿಸುವುದು 20 ನಿಮಿಷದೊಳಗೆ ಆಗುವ ತನಕ ಮತ್ತೆ ಮತ್ತೆ ಮಾಡಿ. ಒಂದು ಸಲ ಲೈಟ್ ಆರಿಸಿ, ಹೆಡ್‌ಲೈಟ್ ಬೆಳಕಲ್ಲಿ ಮಾಡಿ ನೋಡಿ.

ಕ್ರಮ ಹೀಗೆ:

1. ಚೈನನ್ನು ಹಿಂದಿನ ಅತಿ ಸಣ್ಣ ಹಲ್ಲುಚಕ್ರಕ್ಕೆ ತಂದು ಚಕ್ರ ಬಿಚ್ಚಿ.
2. ಟೈರಿನ ಒಂದು ಬದಿ ಮಾತ್ರ ಎಬ್ಬಿಸಿ, ಟ್ಯೂಬ್ ಹೊರತೆಗೆಯಿರಿ.
3. ಟ್ಯೂಬಿಗೆ ಸ್ವಲ್ಪ ಗಾಳಿ ತುಂಬಿ, ತೂತು ಎಲ್ಲಿದೆ ಅಂತ ಪತ್ತೆ ಮಾಡಿ. ಟೈರಿನಲ್ಲೂ ಅದೇ ಜಾಗ ನೋಡಿ.
4. ಟೈರಿನ ಒಳಗೆ ಬಟ್ಟೆ ಅಥವಾ ಬೆರಳು ಮೆಲ್ಲಗೆ ಸವರಿ ಚುಚ್ಚಿದ್ದನ್ನು ಕಿತ್ತು ತೆಗೆಯಿರಿ.
5. ಹೊಸ ಟ್ಯೂಬಿಗೆ ಆಕಾರ ಬರುವಷ್ಟು ಗಾಳಿ ಹಾಕಿ ಒಳಗಿಡಿ. ಟೈರಿನ ಅಂಚನ್ನು ಕೈಯಿಂದಲೇ ಒಳಕ್ಕೆ ತಳ್ಳಿ.
6. ಟ್ಯೂಬ್ ಎಲ್ಲೂ ರಿಮ್ಮಿಗೆ ಸಿಕ್ಕಿಕೊಂಡಿಲ್ಲ ಅಂತ ಎರಡೂ ಬದಿ ನೋಡಿ, ಆಮೇಲೆ ಪೂರ್ತಿ ಗಾಳಿ ಹೊಡೆಯಿರಿ.

ನಾಲ್ಕನೆಯದನ್ನು ಬಿಡುವವರೇ ಹೆಚ್ಚು. ಹತ್ತು ನಿಮಿಷಕ್ಕೆ ಹೊಸ ಟ್ಯೂಬೂ ಪಂಕ್ಚರ್. ನಮ್ಮ ಹಳ್ಳಿ ರಸ್ತೆಗಳಲ್ಲಿ ಜಾಲಿ ಮುಳ್ಳು, ಹೈವೇಯಲ್ಲಿ ಲಾರಿ ಟೈರು ಸಿಡಿದಾಗ ಉದುರುವ ಸಣ್ಣ ತಂತಿ, ಇವೆರಡೇ ದೊಡ್ಡ ಶತ್ರುಗಳು. ತಂತಿ ಕೂದಲಿನಷ್ಟು ತೆಳು. ಹೊರಗಿನಿಂದ ಕಾಣುವುದೇ ಇಲ್ಲ.

ಜೊತೆಗೆ ಬೇಕಾದ ಸಾಮಾನು: ಎರಡು ಟ್ಯೂಬ್, ಪ್ಯಾಚು, ಸೊಲ್ಯೂಷನ್, ಟೈರ್ ಲಿವರ್, ಪಂಪು, ಅಲೆನ್ ಕೀ ಸೆಟ್, ಚೈನ್ ಕಟರ್, ನಿಮ್ಮ ಗೇರಿಗೆ ಹೊಂದುವ ಚೈನ್ ಲಿಂಕ್, ನಾಲ್ಕು ಜಿಪ್ ಟೈ, ಹಳೆ ಟೈರಿನ ಒಂದು ತುಂಡು. ಟೈರು ಸೀಳಿದಾಗ ಈ ತುಂಡನ್ನು ಒಳಗಿಟ್ಟರೆ ಮನೆ ತನಕ ಬರಬಹುದು. ಸೊಲ್ಯೂಷನ್ ಟ್ಯೂಬ್ ಒಮ್ಮೆ ತೆರೆದಿದ್ದರೆ ಒಳಗೆ ಒಣಗಿರುತ್ತದೆ, ಹೊರಡುವ ಮೊದಲು ಒತ್ತಿ ನೋಡಿ. ನಿಮ್ಮದು ಸಣ್ಣ ಮೂತಿಯ ಪ್ರೆಸ್ಟಾ ವಾಲ್ವ್ ಆಗಿದ್ದರೆ ಪೆಟ್ರೋಲ್ ಬಂಕಿನ ಗಾಳಿ ನೇರ ಹಿಡಿಯುವುದಿಲ್ಲ. ಅದಕ್ಕೊಂದು ಪುಟ್ಟ ಅಡಾಪ್ಟರ್ ಸಿಗುತ್ತದೆ, ವಾಲ್ವಿಗೇ ತಿರುಗಿಸಿ ಇಟ್ಟುಕೊಳ್ಳಿ.

ಹಂತ 4: ದೂರ ಹೆಚ್ಚಿಸುವ ಕ್ರಮ (ವಾರ 1ರಿಂದ 9)

ವಾರದಲ್ಲಿ ಎರಡು ದಿನ ಒಂದೊಂದು ಗಂಟೆ, ಭಾನುವಾರ ಒಂದು ಉದ್ದದ ಸವಾರಿ. ಕೆಲಸಕ್ಕೆ ಹೋಗುವವರಿಗೆ ಇಷ್ಟು ಸಾಕು. ಭಾನುವಾರದ ದೂರ ಸುಮಾರು ಹೀಗಿರಲಿ: 40, 55, 70, 50, 85, 100, 120, 140, 60. ಹತ್ತನೇ ವಾರ ಬಿಆರ್‌ಎಂ.

ನಾಲ್ಕನೇ ವಾರ ದೂರ ಕಡಿಮೆ ಆಗಿರುವುದು ಬೇಕೆಂದೇ. ಮೈಗೆ ಚೇತರಿಸಿಕೊಳ್ಳಲು ಬಿಡಬೇಕು. ಒಂದು ವಾರ ತಪ್ಪಿಹೋದರೆ ಮುಂದಿನ ವಾರ ಎರಡನ್ನೂ ಸೇರಿಸಿ ತುಳಿಯಲು ಹೋಗಬೇಡಿ. ತಪ್ಪಿದ್ದನ್ನು ಬಿಟ್ಟು, ಹಿಂದಿನ ದೂರದಿಂದಲೇ ಮುಂದುವರಿಸಿ. 200 ಅನ್ನು ಮೊದಲೇ ಒಮ್ಮೆ ತುಳಿದು ನೋಡುವ ಅಗತ್ಯವೂ ಇಲ್ಲ. 140 ಮುಗಿಸಿದ ಮೇಲೂ ಕೂತು ಚೆನ್ನಾಗಿ ಊಟ ಮಾಡಬಲ್ಲಿರಾ, ಮಾರನೇ ದಿನ ಮೆಟ್ಟಿಲು ಇಳಿಯಬಲ್ಲಿರಾ? ಹಾಗಾದರೆ ತಯಾರಿದ್ದೀರಿ.

ವೇಗ ಗೊತ್ತು ಮಾಡಲು ಮೀಟರ್ ಬೇಡ. ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡುವಷ್ಟು ಉಸಿರು ಇರಬೇಕು. ಒಂದೆರಡು ಪದಕ್ಕೇ ಏದುಸಿರು ಬಂದರೆ ಗೇರು ಇಳಿಸಿ. ಭಾರದ ಗೇರಿನಲ್ಲಿ ನಿಧಾನಕ್ಕೆ ಒತ್ತುವುದಕ್ಕಿಂತ ಹಗುರ ಗೇರಿನಲ್ಲಿ ಬೇಗ ಬೇಗ ತಿರುಗಿಸುವುದು ಮಂಡಿಗೆ ಒಳ್ಳೆಯದು. ನಿಮಿಷಕ್ಕೆ 80 ಸುತ್ತಿನ ಹತ್ತಿರ ಬಂದರೆ ಚೆನ್ನ.

ಏರು ಅಭ್ಯಾಸಕ್ಕೆ ಬೆಂಗಳೂರಿನವರಿಗೆ ನಂದಿ ಬೆಟ್ಟ ಇದೆ. ಬುಡದಿಂದ ಸುಮಾರು ಏಳೂವರೆ ಕಿ.ಮೀ. ಏರು. ಅದನ್ನು ಎಷ್ಟು ನಿಮಿಷದಲ್ಲಿ ಹತ್ತಿದಿರಿ ಅನ್ನುವುದನ್ನು ಮರೆತು, ಇಳಿಯದೆ, ಉಸಿರು ಕಟ್ಟದೆ ಹತ್ತುವುದನ್ನು ಕಲಿಯಿರಿ. ಮೈಸೂರು ಕಡೆ ಹೋಗುವವರು ನೆನಪಿಡಿ: ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್‌ನಿಂದ ಬೈಕು, ಆಟೊಗಳಂತೆ ಸೈಕಲ್‌ಗೂ ಪ್ರವೇಶ ಇಲ್ಲ. ಸರ್ವಿಸ್ ರಸ್ತೆಯೇ ಗತಿ.

ಗಾಳಿಯ ಬಗ್ಗೆ ಹೊಸಬರು ಯೋಚಿಸುವುದೇ ಇಲ್ಲ. ಜೂನ್‌ನಿಂದ ಆಗಸ್ಟ್ ತನಕ ನಮ್ಮ ಬಯಲುಸೀಮೆಯಲ್ಲಿ ಪಶ್ಚಿಮದ ಗಾಳಿ ಜೋರು. ಬೆಂಗಳೂರಿನಿಂದ ಕೋಲಾರ, ಮುಳಬಾಗಿಲು ಕಡೆ ಹೋಗುವಾಗ ಬೆನ್ನ ಹಿಂದೆ ಗಾಳಿ, ಹಾರಿಕೊಂಡು ಹೋದಂತೆ ಅನಿಸುತ್ತದೆ. ವಾಪಸ್ ಬರುವಾಗ ಅದೇ ಗಾಳಿ ಎದೆಗೆ ಬಡಿಯುತ್ತದೆ, ಸಮತಟ್ಟಿನಲ್ಲೂ ವೇಗ 14ಕ್ಕೆ ಇಳಿಯುತ್ತದೆ. ಚಳಿಗಾಲದಲ್ಲಿ ಗಾಳಿ ಪೂರ್ವದಿಂದ ಬರುವುದರಿಂದ ಲೆಕ್ಕ ಉಲ್ಟಾ. ಹಾಗಾಗಿ ಅಭ್ಯಾಸದಲ್ಲಿ ಎರಡು ಮೂರು ಸಲವಾದರೂ ಎದುರು ಗಾಳಿಗೆ ಗಂಟೆಗಟ್ಟಲೆ ತುಳಿದು ನೋಡಿ. ಅಲ್ಲಿ ವೇಗದ ಆಸೆ ಬಿಟ್ಟು, ಬೆನ್ನು ಬಗ್ಗಿಸಿ, ಒಂದೇ ಸಮನೆ ತಿರುಗಿಸುವವರು ಉಳಿಯುತ್ತಾರೆ. ಗುಂಪಿದ್ದರೆ ಒಬ್ಬರ ಹಿಂದೊಬ್ಬರು ಸಾಲಾಗಿ ಹೋಗಿ, ಮುಂದಿರುವವರು ಆಗಾಗ ಬದಲಾಗಿ. ಲಾರಿ, ಟ್ರ್ಯಾಕ್ಟರ್ ಹಿಂದೆ ಮಾತ್ರ ಅಂಟಿಕೊಂಡು ಹೋಗಬೇಡಿ.

ಹಂತ 5: ಹೊಟ್ಟೆಗೂ ಅಭ್ಯಾಸ ಬೇಕು (ವಾರ 5ರಿಂದ)

85 ಕಿ.ಮೀ. ಸವಾರಿ ಶುರುವಾದ ಮೇಲೆ ಊಟ ತಿಂಡಿಯನ್ನೂ ತಾಲೀಮು ಮಾಡಿ. ಬಿಆರ್‌ಎಂ ದಿನ ಏನು ತಿನ್ನುತ್ತೀರೋ ಅದನ್ನೇ ಈಗ ತಿನ್ನಿ.

ಹಸಿವಾದ ಮೇಲೆ ತಿನ್ನೋಣ ಅಂದರೆ ತಡವಾಗಿರುತ್ತದೆ. ಹೊರಟ 45 ನಿಮಿಷಕ್ಕೆ ಮೊದಲ ತುತ್ತು, ಆಮೇಲೆ ಅರ್ಧ ಗಂಟೆ, ಮುಕ್ಕಾಲು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಮಧ್ಯಮ ಗಾತ್ರದ ಒಂದು ಪಚ್ಚ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಸಿಗುತ್ತದೆ. ಖರ್ಜೂರ, ಕಡಲೆಕಾಯಿ ಚಿಕ್ಕಿ, ಬೆಲ್ಲ ಜೇಬಿನಲ್ಲಿಟ್ಟು ತುಳಿಯುತ್ತಲೇ ತಿನ್ನಬಹುದು. ನಿಂತು ತಿನ್ನುವಾಗ ಇಡ್ಲಿ, ಮೊಸರನ್ನ. ಪೂರಿ, ಬೋಂಡ, ಎಣ್ಣೆ ಸುರಿಯುವ ಮಸಾಲೆ ದೋಸೆ ಬೇಡ. ಎದುರು ಘಮಘಮ ಅನ್ನುತ್ತಿದ್ದರೆ ಬಿಡುವುದು ಕಷ್ಟ, ನಿಜ. ಆದರೆ ಬಿಸಿಲಲ್ಲಿ ಹೊಟ್ಟೆ ತಿರುಗಲು ಶುರುವಾದರೆ ಆ ದಿನ ಮುಗಿದ ಹಾಗೆ.

ನೀರು ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್, ಗುಟುಕು ಗುಟುಕಾಗಿ. ಒಂದು ಬಾಟಲಿಯಲ್ಲಿ ಬರೀ ನೀರು, ಇನ್ನೊಂದರಲ್ಲಿ ಓಆರ್‌ಎಸ್. ಡಬ್ಲ್ಯೂಎಚ್‌ಒ ಸೂತ್ರ ಅಂತ ಬರೆದ ಪ್ಯಾಕೆಟ್ಟೇ ಕೊಳ್ಳಿ, ಪ್ಯಾಕೆಟ್ ಮೇಲೆ ಹೇಳಿದಷ್ಟೇ ನೀರಿಗೆ ಬೆರೆಸಿ. ಎಳನೀರು, ಉಪ್ಪು ಹಾಕಿದ ಮಜ್ಜಿಗೆ ಒಳ್ಳೆಯದು. ದಿನವಿಡೀ ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿಯುವುದೂ ಅಪಾಯ. ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಂತಿ, ಗೊಂದಲ ಶುರುವಾಗಬಹುದು.

ಹಂತ 6: ಲೈಟು ಮತ್ತು ರಸ್ತೆ (ವಾರ 6, 7)

200 ಹಗಲಿನ ಸವಾರಿ ಅಂದುಕೊಳ್ಳಬೇಡಿ. ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಸಂಜೆ ಆರರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. 7.30ರ ತನಕ ತುಳಿಯುವವರಿಗೆ ಕೊನೆಯ ಒಂದೂವರೆ ಗಂಟೆ ಕತ್ತಲೆ, ಅದೂ ಸುಸ್ತಾದ ಕಣ್ಣಿಗೆ, ಊರು ಹತ್ತಿರದ ಟ್ರಾಫಿಕ್‌ನಲ್ಲಿ. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಒಂದೆರಡು ಸಲ ಕತ್ತಲಲ್ಲಿ ತುಳಿಯಿರಿ. ಲೈಟು ಪೂರ್ತಿ ಚಾರ್ಜ್ ಮಾಡಿ, ಎಷ್ಟು ಗಂಟೆ ಬರುತ್ತದೆ ಅಂತ ಮನೆಯಲ್ಲೇ ಉರಿಸಿ ನೋಡಿ. ಡಬ್ಬಿಯ ಮೇಲೆ ಬರೆದದ್ದನ್ನು ನಂಬಬೇಡಿ.

ಹೈವೇ ಬದಿಯಲ್ಲಿ ರಾಂಗ್ ಸೈಡಿನಲ್ಲಿ ಬರುವ ಬೈಕು, ಲೈಟಿಲ್ಲದೆ ನಿಂತ ಲಾರಿ, ಬಣ್ಣ ಹಚ್ಚದ ಹಂಪು, ಇವು ಮೂರಕ್ಕೂ ಕಣ್ಣು ಸದಾ ಮುಂದಿರಲಿ. ಸುಗ್ಗಿ ಕಾಲದಲ್ಲಿ ಹಳ್ಳಿ ರಸ್ತೆ ಮೇಲೆ ರಾಗಿ, ಹುರುಳಿ ಹರಡಿರುತ್ತಾರೆ. ಅದರ ಮೇಲೆ ಹತ್ತಿಸಿದರೆ ಟೈರು ಜಾರುತ್ತದೆ, ಹುಲ್ಲು ಹಿಂದಿನ ಗೇರಿಗೆ ಸುತ್ತಿಕೊಂಡು ಚಕ್ರವೇ ಕಟ್ಟಿಹೋಗಬಹುದು. ಇಳಿದು ಬದಿಯಲ್ಲಿ ತಳ್ಳಿಕೊಂಡು ಹೋಗಿ. ರೈತರ ಕಾಳೂ ಉಳಿಯುತ್ತದೆ. ನಾಯಿ ಅಟ್ಟಿಸಿಕೊಂಡು ಬಂದರೆ ವೇಗ ಇಳಿಸಿ. ಬಿಡದಿದ್ದರೆ ಕೆಳಗಿಳಿದು ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಡೆಯಿರಿ.

ಹಂತ 7: ಕೊನೆಯ ವಾರ

ಹೊಸದೇನೂ ಬೇಡ. ಹೊಸ ಶೂ, ಹೊಸ ಸೀಟು, ಹೊಸ ಎನರ್ಜಿ ಜೆಲ್ ಯಾವುದೂ. ಸರ್ವಿಸ್ ಮಾಡಿಸುವುದಿದ್ದರೆ ಒಂದು ವಾರ ಮೊದಲೇ ಮಾಡಿಸಿ, ಆಮೇಲೆ 30 ಕಿ.ಮೀ. ತುಳಿದು ನೋಡಿ. ಬ್ರೇಕ್ ಪ್ಯಾಡ್ ಸವೆದಿದೆಯಾ, ಟೈರಿನಲ್ಲಿ ಸೀಳು ಇದೆಯಾ, ಚೈನಿಗೆ ಎಣ್ಣೆ ಇದೆಯಾ, ಇಷ್ಟು ನೀವೇ ನೋಡಿ.

ಮಂಗಳವಾರ, ಗುರುವಾರ ಅರ್ಧ ಗಂಟೆ ಹಗುರ ಸವಾರಿ ಸಾಕು. ನಿದ್ದೆ ಮುಖ್ಯ. ಹಿಂದಿನ ರಾತ್ರಿ ಉತ್ಸಾಹಕ್ಕೆ ನಿದ್ದೆ ಬರುವುದಿಲ್ಲ, ಅಲ್ವಾ? ಅದಕ್ಕೇ ಅದರ ಹಿಂದಿನ ಎರಡು ರಾತ್ರಿ ಚೆನ್ನಾಗಿ ಮಲಗಿ. ರೂಟ್ ಮ್ಯಾಪ್ ಫೋನಿಗೆ ಇಳಿಸಿಕೊಳ್ಳಿ, ತಿರುವುಗಳನ್ನು ಕಾಗದದಲ್ಲೂ ಬರೆದುಕೊಳ್ಳಿ. ಪವರ್ ಬ್ಯಾಂಕ್, ಗುರುತಿನ ಚೀಟಿ, ಮನೆಯವರ ಫೋನ್ ನಂಬರ್ ಬರೆದ ಚೀಟಿ, ನಗದು ಹಣ, ಎಟಿಎಂ ಕಾರ್ಡು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಡಿ. ಜನ ಇಲ್ಲದ ಕಂಟ್ರೋಲ್‌ನಲ್ಲಿ ಎಟಿಎಂ ಸ್ಲಿಪ್ಪನ್ನೇ ಪುರಾವೆಯಾಗಿ ಕೇಳುವುದುಂಟು. ಬೆನ್ನಿಗೆ ಬ್ಯಾಗ್ ಬೇಡ. ಎಲ್ಲವೂ ಸೈಕಲ್ ಮೇಲೆಯೇ ಇರಲಿ.

ಹಂತ 8: ಆ ದಿನ

ಎರಡು ಗಂಟೆ ಮೊದಲು ತಿಂಡಿ ತಿನ್ನಿ. ಉಜ್ಜುವ ಜಾಗಕ್ಕೆಲ್ಲ ಪೆಟ್ರೋಲಿಯಂ ಜೆಲ್ಲಿ ಹಚ್ಚಿ.

ಮೊದಲ 50 ಕಿ.ಮೀ.ನಲ್ಲಿಯೇ ದಿನದ ಹಣೆಬರಹ ಬರೆದಾಗುತ್ತದೆ. ತಂಪು ಹೊತ್ತು, ತಾಜಾ ಕಾಲು, ಸುತ್ತ ವೇಗದ ಸವಾರರು. ಅವರ ಹಿಂದೆ ಹೋಗುವ ಆಸೆ ಎಲ್ಲರಿಗೂ ಬರುತ್ತದೆ. ಬಿಟ್ಟುಬಿಡಿ. ಅಭ್ಯಾಸದಲ್ಲಿ ತುಳಿದ ವೇಗಕ್ಕಿಂತ ಒಂದು ಕೈ ಕಡಿಮೆಯೇ ಇರಲಿ.

ಕಂಟ್ರೋಲ್‌ನಲ್ಲಿ ಕ್ರಮ ಹೀಗಿರಲಿ: ಮೊದಲು ಬ್ರೆವೆ ಕಾರ್ಡಿಗೆ (ಕಂಟ್ರೋಲ್ ತಲುಪಿದ ಹೊತ್ತು ದಾಖಲಿಸುವ ಕಾರ್ಡು) ಸೀಲು, ಆಮೇಲೆ ನೀರು ತುಂಬುವುದು, ಆಮೇಲೆ ಟಾಯ್ಲೆಟ್, ಕೊನೆಗೆ ಕೂತು ತಿನ್ನುವುದು. ಹದಿನೈದು ನಿಮಿಷಕ್ಕೆ ಎದ್ದುಬಿಡಿ. ಮಧ್ಯಾಹ್ನದ ಊಟಕ್ಕೆ ಒಮ್ಮೆ ಮಾತ್ರ ಅರ್ಧ ಗಂಟೆ. ಫೋಟೊಗೆ, ಹರಟೆಗೆ ಹೋಗುವ ಐದೈದು ನಿಮಿಷ ಕಣ್ಣಿಗೆ ಕಾಣುವುದಿಲ್ಲ. ಸಂಜೆ ಕಾಣುತ್ತದೆ.

ದಾರಿ ತಪ್ಪಿದರೆ ಅಡ್ಡದಾರಿ ಹಿಡಿದು ಮುಂದೆ ಸೇರಬೇಡಿ. ಎಲ್ಲಿ ಬಿಟ್ಟಿರೋ ಅಲ್ಲಿಗೇ ವಾಪಸ್ ಬಂದು ಮುಂದುವರಿಸಿ.

100ರಿಂದ 150ರ ನಡುವಿನ ಹೊತ್ತು ಎಲ್ಲರಿಗೂ ಕಷ್ಟ. ಬಿಸಿಲು ನೆತ್ತಿಯ ಮೇಲೆ, ಊಟದ ಮಂಪರು, ಇನ್ನೂ ಇಷ್ಟು ದೂರವೇ ಅನ್ನುವ ಬೇಸರ. ಬಿಡಬೇಕು ಅನಿಸಿದಾಗ ಮೊದಲು ಏನಾದರೂ ತಿಂದು, ಓಆರ್‌ಎಸ್ ಕುಡಿದು, ಇಪ್ಪತ್ತು ನಿಮಿಷ ಮೆಲ್ಲಗೆ ತುಳಿಯಿರಿ. ಬೇಸರ ಬಹಳ ಸಲ ಹಸಿವಿನ ಇನ್ನೊಂದು ಮುಖ. ಅದಾದ ಮೇಲೂ ಬೇಡ ಅನಿಸಿದರೆ ಆಗ ತೀರ್ಮಾನ ಮಾಡಿ.

ಹಂತ 9: ಯಾವಾಗ ನಿಲ್ಲಲೇಬೇಕು

ತೊಡೆ ಉರಿ, ಮೀನಖಂಡ ಹಿಡಿದುಕೊಳ್ಳುವುದು, ಕುತ್ತಿಗೆ ನೋವು ಸಹಿಸಬಹುದಾದ ತೊಂದರೆಗಳು. ವೇಗ ಇಳಿಸಿ, ಮೈ ಸಡಿಲ ಬಿಡಿ, ಮುಂದೆ ಹೋಗಬಹುದು. ಕೆಳಗಿನವು ಹಾಗಲ್ಲ:

- ಎದೆ ನೋವು, ಎದೆ ಹಿಂಡಿದಂತಾಗುವುದು, ಎಡಗೈ ಅಥವಾ ದವಡೆಗೆ ಹರಡುವ ನೋವು.
- ಬಿಸಿಲಲ್ಲೂ ಮೈ ನಡುಗುವುದು, ಬೆವರು ನಿಲ್ಲುವುದು, ಮಾತು ತೊದಲುವುದು.
- ಗಂಟೆಗಟ್ಟಲೆ ಮೂತ್ರ ಬಾರದಿರುವುದು, ಬಂದರೂ ಟೀ ಡಿಕಾಕ್ಷನ್ ಬಣ್ಣ.
- ಕಣ್ಣು ತಾನಾಗಿ ಮುಚ್ಚುವುದು, ಸೈಕಲ್ ನೇರ ಹೋಗದಿರುವುದು.
- ಪ್ರತಿ ಸುತ್ತಿಗೂ ಚುಚ್ಚುವ, ಹೆಚ್ಚುತ್ತಲೇ ಹೋಗುವ ಮಂಡಿ ನೋವು.

ಇವುಗಳಲ್ಲಿ ಒಂದು ಕಂಡರೂ ನೆರಳಿನಲ್ಲಿ ನಿಂತು ಆಯೋಜಕರಿಗೆ ಫೋನ್ ಮಾಡಿ. ಮೊದಲ ಎರಡಕ್ಕೆ ತಕ್ಷಣ 108. ನೋವಿನ ಮಾತ್ರೆ ನುಂಗಿ ಮುಂದುವರಿಯಬೇಡಿ. ಮೈಯಲ್ಲಿ ನೀರು ಕಡಿಮೆ ಇರುವಾಗ ಐಬುಪ್ರೊಫೆನ್‌ನಂಥ ಮಾತ್ರೆಗಳು ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲವು. ಬಿಟ್ಟು ಹೋಗುವಾಗ ಹೇಳದೆ ಮನೆಗೆ ಹೋಗಬೇಡಿ. ಕಾಣದಾದ ಒಬ್ಬ ಸವಾರನಿಗಾಗಿ ಆಯೋಜಕರು ರಾತ್ರಿಯಿಡೀ ಹುಡುಕಬೇಕಾಗುತ್ತದೆ.

ಹಂತ 10: ಮುಗಿಸಿದ ಮೇಲೆ

ಕಾರ್ಡಿನಲ್ಲಿ ಕೊನೆಯ ಸೀಲು, ಹೊತ್ತು, ನಿಮ್ಮ ಸಹಿ ಇದೆಯಾ ನೋಡಿ, ಒಪ್ಪಿಸಿ. ಮರೆತು ಮನೆಗೆ ಒಯ್ದರೆ ಇಷ್ಟು ದೂರ ತುಳಿದದ್ದು ದಾಖಲೆಗೆ ಹೋಗುವುದಿಲ್ಲ. ಒಬ್ಬರೇ ಕಾರು ಓಡಿಸಿಕೊಂಡು ಹೊರಡಬೇಡಿ. ಹದಿಮೂರು ಗಂಟೆ ತುಳಿದ ಮೇಲೆ ಸ್ಟೇರಿಂಗ್ ಮುಂದೆ ನಿದ್ದೆ ಬರುತ್ತದೆ. ಮನೆಯವರನ್ನು ಕರೆಸಿಕೊಳ್ಳಿ, ಇಲ್ಲವೇ ಅಲ್ಲೇ ಒಂದೆರಡು ಗಂಟೆ ಮಲಗಿ.

ಮೂರು ನಾಲ್ಕು ದಿನ ನಡಿಗೆ ಮಾತ್ರ. ಕೈಬೆರಳಿನ ಜೋಮು ವಾರವಾದರೂ ಇಳಿಯದಿದ್ದರೆ ಡಾಕ್ಟರಿಗೆ ತೋರಿಸಿ, ಹ್ಯಾಂಡಲ್ ಎತ್ತರವನ್ನೂ ಮತ್ತೆ ನೋಡಿ. 300ಕ್ಕೆ ಹೆಸರು ಕೊಡುವ ಮುನ್ನ ಕನಿಷ್ಠ ಒಂದು ತಿಂಗಳು ಬಿಡಿ. ಅದರ ಸಮಯ 20 ಗಂಟೆ, ಅಂದರೆ ರಾತ್ರಿಯೂ ತುಳಿಯಬೇಕು. ಈ ನಡುವಿನ ವಾರಗಳಲ್ಲಿ ಸಂಜೆ ಆರಕ್ಕೆ ಹೊರಟು ರಾತ್ರಿ ಹನ್ನೊಂದರ ತನಕ ಜೊತೆಗಾರರೊಂದಿಗೆ ತುಳಿಯುವ ಸವಾರಿ ಎರಡಾದರೂ ಇರಲಿ.